ದಣಿದವರಿಂದ ಕೃತಜ್ಞತೆ ಕೇಳುವ ಮುನ್ನ

ವೈದ್ಯಕೀಯ ಸೀಟು ಸಿಗುವುದೇ ಪುಣ್ಯ ಎನ್ನುವ ಕಾಲ ಇದು. ಹಾಗಾಗಿ ಹೌಸ್ ಸರ್ಜನ್ ಆಗಿರುವ ಹುಡುಗಿಯೋ ಪಿಜಿ ಓದುತ್ತಿರುವ ಹುಡುಗನೋ "ಯಾಕಾದರೂ ಈ ಓದಿಗೆ ಬಂದೆನೋ" ಎಂದರೆ ಮನೆಯವರಿಗೆ ಗಾಬರಿ, ನೆಂಟರಿಗೆ ಅಸಮಾಧಾನ. ಲಕ್ಷಗಟ್ಟಲೆ ಮಕ್ಕಳು ನೀಟ್ ಬರೆದೂ ಸೀಟಿಲ್ಲದೆ ಕೂತಿರುವಾಗ, ಸಿಕ್ಕಿದ್ದಕ್ಕೆ ಕೃತಜ್ಞತೆ ಬೇಡವೇ ಎಂದು ಕೇಳುತ್ತಾರೆ. ಕೇಳುವವರಲ್ಲಿ ಕಾಳಜಿ ಇಲ್ಲವೆಂದಲ್ಲ. ಆದರೆ ಅವರು ಉಪಕಾರಸ್ಮರಣೆಯ ಕೊರತೆ ಎಂದುಕೊಂಡದ್ದು ಬಹಳ ಸಲ ನಿದ್ದೆಯ ಕೊರತೆಯಾಗಿರುತ್ತದೆ.

ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಒಂದು ವರದಿ ಕೊಟ್ಟಿತು. ಅದರ ಸಮೀಕ್ಷೆಗೆ ಉತ್ತರಿಸಿದ ಐದು ಸಾವಿರಕ್ಕೂ ಹೆಚ್ಚು ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇಕಡಾ 31ರಷ್ಟು ಮಂದಿಗೆ ಬದುಕೇ ಬೇಡವೆಂಬ ಯೋಚನೆ ಬಂದಿತ್ತು. ಸೀಟಿಗಾಗಿ ವರ್ಷಗಟ್ಟಲೆ ತಪಸ್ಸು ಮಾಡಿದವರು ಇವರು. ಅದರ ಬೆಲೆ ತಿಳಿಯದವರಲ್ಲ. ದುಡಿಮೆ ವಾರಕ್ಕೆ 74 ಗಂಟೆ ಮೀರದಿರಲಿ, ಒಂದು ದಿನ ರಜೆ ಇರಲಿ ಎಂದು ಕಾರ್ಯಪಡೆ ಹೇಳಿತು. ಕೇಂದ್ರ ಸರ್ಕಾರದ 1992ರ ಸೂಚನೆಯಲ್ಲಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆ ಎಂದಿತ್ತು. ಮೂವತ್ತೆರಡು ವರ್ಷಗಳಲ್ಲಿ ನಾವು ಕೇಳುವ ಮಿತಿಯೇ ಹೀಗೆ ಬೆಳೆದುಬಿಟ್ಟಿದೆ.

"ನಾವೂ ಹೀಗೇ ಕಲಿತವರು, ರೋಗಿಯ ಪಕ್ಕ ನಿಲ್ಲದೆ ವೈದ್ಯವಿದ್ಯೆ ಬರುವುದಿಲ್ಲ" ಎಂದು ಹಿರಿಯ ವೈದ್ಯರು ಹೇಳುತ್ತಾರೆ. ಎರಡನೆಯ ಮಾತು ಪೂರ್ತಿ ನಿಜ. ಆದರೆ ನಿಂತವರಿಗೆ ಎಚ್ಚರವೂ ಇರಬೇಕಲ್ಲ? ಬಾಸ್ಟನ್ನಿನ ತೀವ್ರ ನಿಗಾ ಘಟಕಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೀರ್ಘ ಪಾಳಿಯ ಹಳೆಯ ಪದ್ಧತಿಯಲ್ಲಿದ್ದ ಕಿರಿಯ ವೈದ್ಯರಿಂದ ಗಂಭೀರ ತಪ್ಪುಗಳು ಶೇಕಡಾ 36ರಷ್ಟು ಹೆಚ್ಚಾಗಿದ್ದವು. ಪಾಳಿ ಚಿಕ್ಕದಾದರೆ ರೋಗಿ ಕೈಯಿಂದ ಕೈಗೆ ದಾಟುವಾಗ ವಿವರ ತಪ್ಪಿಹೋಗುತ್ತದೆ ಎಂಬ ಆಕ್ಷೇಪವೂ ಇದೆ. ಅದು ಸುಳ್ಳಲ್ಲ. ವಿವರವನ್ನು ಸರಿಯಾಗಿ ದಾಟಿಸುವುದನ್ನು ಕಲಿಸಬಹುದು; ನಿದ್ದೆಗೆಟ್ಟು ಎಚ್ಚರವಾಗಿರುವುದನ್ನು ಯಾರಿಗೂ ಕಲಿಸಲಾಗದು.

ಸರ್ಕಾರಿ ಸೀಟಿನ ಖರ್ಚು ಜನರ ತೆರಿಗೆಯದು ಎನ್ನುವ ವಾದಕ್ಕೆ ತೂಕವಿದೆ. ಆ ಋಣ ದೊಡ್ಡದು, ತೀರಿಸಬೇಕಾದ್ದೇ. ಆದರೆ ಅದು ರೋಗಿಗೆ ಸಲ್ಲಬೇಕಾದ ಋಣ. ದಣಿದ ಕೈ ಅದನ್ನು ತೀರಿಸುವುದಿಲ್ಲ.

ಕೃತಜ್ಞತೆಯಿಂದ ಮನಸ್ಸಿಗೆ ಹಿತವಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಎಮನ್ಸ್ ಮತ್ತು ಮೆಕಲಾ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಳ್ಳೆಯದನ್ನು ನೆನೆದು ಬರೆದವರಿಗೆ ತಮ್ಮ ಬದುಕು ಹೆಚ್ಚು ಹಸನಾಗಿ ಕಂಡಿತ್ತು. ಆದರೆ ಏನನ್ನು ನೆನೆಯಬೇಕೆಂದು ಆರಿಸಿಕೊಂಡವರು ಅವರೇ. ಮೇಲಿನವರು ಬೇಡಿದಾಗ ಬರುವುದು ವಿಧೇಯತೆ. ಗುಣವಾಗಿ ಮನೆಗೆ ಹೊರಟ ರೋಗಿ ಕೈಮುಗಿದಾಗ ಒಳಗಿನಿಂದ ಉಕ್ಕುವುದೇ ಬೇರೆ. ಅದನ್ನು ಅನುಭವಿಸಲು ಮನಸ್ಸಿಗೆ ಒಂದಿಷ್ಟು ಬಿಡುವು ಬೇಕು.

ಡ್ಯೂಟಿ ಪಟ್ಟಿ ಬರೆಯುವ ಹಿರಿಯರಲ್ಲಿ ಒಂದೇ ಬೇಡಿಕೆ. ರಾತ್ರಿಯಿಡೀ ವಾರ್ಡಿನಲ್ಲಿದ್ದವರ ಹೆಸರನ್ನು ಇವತ್ತಿನ ಹೊರರೋಗಿ ವಿಭಾಗದ ಪಟ್ಟಿಯಿಂದ ತೆಗೆದುಬಿಡಿ. ಅವರು ಹೋಗಿ ಮಲಗಲಿ.