ರಿಯೂನಿಯನ್ ದ್ವೀಪದ ಪ್ರಕೃತಿದೃಶ್ಯಗಳು

ದ್ವೀಪವೆಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸಿಗೆ ಬರುವುದು ತೆಂಗಿನ ಸಾಲು, ಬಿಳಿಯ ಮರಳು, ನೀಲಿಯ ನೀರು. ರಿಯೂನಿಯನ್ ದ್ವೀಪದಲ್ಲಿ ಇವೂ ಉಂಟು. ಆದರೆ ಆ ನಾಡನ್ನು ನೋಡಬಯಸುವವರು ಕಡಲಿಗೆ ಬೆನ್ನುಮಾಡಿ ನಿಲ್ಲಬೇಕು. ಅಲ್ಲಿಯ ವೈಭವವೆಲ್ಲ ಒಳನಾಡಿನ ಬೆಟ್ಟಗಳಲ್ಲಿದೆ.

ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರಿಗೆ ಪೂರ್ವದಲ್ಲಿ, ಮಾರಿಷಸ್ಸಿಗೆ ನೈಋತ್ಯದಲ್ಲಿ ಈ ದ್ವೀಪವಿರುವುದು. ವಿಸ್ತೀರ್ಣ ಸುಮಾರು 2,500 ಚದರ ಕಿಲೋಮೀಟರು, ಆಳ್ವಿಕೆ ಫ್ರಾನ್ಸಿನದು. ಎರಡು ಅಗ್ನಿಪರ್ವತಗಳು ಕಡಲ ತಳದಿಂದ ತಮ್ಮ ಲಾವಾರಸವನ್ನು ತಾವೇ ಪೇರಿಸಿಕೊಂಡು ಮೇಲೆದ್ದುದರಿಂದ ಈ ನೆಲವಾಯಿತು. ಅವುಗಳಲ್ಲಿ ಹಿರಿದಾದ ಪಿತೋಂ ದೆ ನೇಜ್, ಎಂದರೆ ಹಿಮಶಿಖರ, ಸುಮಾರು 3,070 ಮೀಟರು ಎತ್ತರವಿದ್ದು ಸಾವಿರಾರು ವರ್ಷಗಳಿಂದ ತಣ್ಣಗಿದೆ. ಕಿರಿಯದಾದ ಪಿತೋಂ ದ ಲಾ ಫುರ್ನೇಸ್, ಎಂದರೆ ಕುಲುಮೆಯ ಶಿಖರ, ಹೆಸರಿಗೆ ತಕ್ಕಂತೆ ಇಂದಿಗೂ ಉರಿಯುತ್ತಿದೆ. ಜಗತ್ತಿನಲ್ಲಿ ಪದೇ ಪದೇ ಉಕ್ಕುವ ಅಗ್ನಿಪರ್ವತಗಳಲ್ಲಿ ಇದೂ ಒಂದು.

ಕುಲುಮೆಯ ಕಡೆಗೆ ಏರುವ ರಸ್ತೆ ಮೊದಲು ಹಸುರು ಹುಲ್ಲುಗಾವಲುಗಳ ನಡುವೆ ಸಾಗುವುದು. ಮುಂದೆ ಒಂದು ತಿರುವಿನಲ್ಲಿ ಹಸುರು ಮುಗಿದು, ಕೆಂಪು ಕಪ್ಪು ಬೆರೆತ ಬೂದಿಹರಳಿನ ಬಯಲು ಎದುರಾಗುವುದು. ಆ ಬಯಲಿನಾಚೆ ಕಡಿದಾದ ಅಂಚು. ಅಂಚಿನ ಕೆಳಗೆ ವಿಸ್ತಾರವಾದ ಕೊಪ್ಪರಿಗೆಯಂಥ ತಗ್ಗು. ತಗ್ಗಿನ ನಡುವೆ ಶಿಖರ. 2007ರ ಏಪ್ರಿಲ್ ತಿಂಗಳಲ್ಲಿ ಈ ಶಿಖರದ ಬಾಯಿಯ ತಳವು ಕೆಲವೇ ದಿನಗಳಲ್ಲಿ ಸುಮಾರು 300 ಮೀಟರು ಆಳಕ್ಕೆ ಕುಸಿಯಿತು. ಲಾವಾರಸವು ಕರಾವಳಿಯ ರಸ್ತೆಯನ್ನು ದಾಟಿ ಕಡಲಿಗಿಳಿದು ಹೊಸ ನೆಲವನ್ನೇ ಸೇರಿಸಿತು. 1977ರಲ್ಲಿ ಪೂರ್ವತೀರದ ಒಂದು ಹಳ್ಳಿಯಲ್ಲಿ ಮನೆಗಳು ಸುಟ್ಟುಹೋದರೂ, ಪ್ರವಾಹವು ಇಗರ್ಜಿಯನ್ನು ಎರಡು ಕಡೆಯಿಂದಲೂ ಬಳಸಿ ಅದರ ಬಾಗಿಲ ಬಳಿಯಲ್ಲೇ ನಿಂತಿತು. ಭಕ್ತರು ಇದನ್ನು ಪವಾಡವೆನ್ನುವರು. ಮನೆ ಕಳೆದುಕೊಂಡವರು ಏನೆಂದರೋ!

ಬೆಂಕಿ ಕಟ್ಟಿದುದನ್ನು ನೀರು ಕೆಡಹುತ್ತಿದೆ. 1966ರ ಜನವರಿಯಲ್ಲಿ ಚಂಡಮಾರುತವೊಂದು ಬೀಸಿದಾಗ ಫೊಕ್ ಫೊಕ್ ಎಂಬ ಎಡೆಯಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 1,825 ಮಿಲಿಮೀಟರು ಮಳೆ ಸುರಿಯಿತು. ಆಳುದ್ದದ ನೀರು ಒಂದೇ ದಿನದಲ್ಲಿ! ಇಂಥ ಮಳೆ ಯುಗಯುಗಾಂತರದಿಂದ ಕೊರೆಯುತ್ತ ಬಂದುದರ ಫಲವಾಗಿ, ನೆಲ ಕುಸಿದು ಸವೆದು, ಹಿಮಶಿಖರದ ಸುತ್ತ ಮೂರು ಮಹಾಕಮರಿಗಳು ಉಂಟಾಗಿವೆ. ಪೂರ್ವದ ಸಲಾಜಿ ಜಲಪಾತಗಳ ಸೀಮೆ. ದಕ್ಷಿಣದ ಸಿಲಾವೋಸ್ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದುದು. ಅಲ್ಲಿಗೇರುವ ರಸ್ತೆಗೆ ನಾನೂರು ತಿರುವುಗಳೆಂದು ಪ್ರತೀತಿ. ಪಶ್ಚಿಮದ ಮಫಾತ್‌ಗೆ ರಸ್ತೆಯೇ ಇಲ್ಲ.

ಮಫಾತ್ ಎಂಬುದು ಒಬ್ಬ ಮನುಷ್ಯನ ಹೆಸರು. ಫ್ರೆಂಚರ ಕಾಫಿತೋಟಗಳಲ್ಲಿ ದುಡಿಯಲು ಮಡಗಾಸ್ಕರಿನಿಂದಲೂ ಆಫ್ರಿಕದಿಂದಲೂ ತಂದ ಗುಲಾಮರಲ್ಲಿ ಅನೇಕರು ಹದಿನೆಂಟನೆಯ ಶತಮಾನದಲ್ಲಿ ಓಡಿಹೋಗಿ ಈ ಕಮರಿಗಳನ್ನು ಹೊಕ್ಕರು. ಅಂಥವರ ಮುಂದಾಳುಗಳಲ್ಲಿ ಮಫಾತನೂ ಒಬ್ಬ. ಅವರನ್ನು ಹಿಡಿಯಲು ಇಲ್ಲವೆ ಕೊಲ್ಲಲು ಬಂದೂಕುಧಾರಿಗಳ ತಂಡಗಳು ಹೊರಡುತ್ತಿದ್ದುವು. ಕೊಂದವರಿಗೆ ಇನಾಮು ದೊರೆಯುತ್ತಿದ್ದಿತು. ನಮಗೆ ರಮಣೀಯವಾಗಿ ಕಾಣುವ ಆ ಸಾವಿರ ಮೀಟರಿನ ಕಡಿದಾದ ಗೋಡೆಗಳು ಅವರಿಗೆ ಕೋಟೆಯಾಗಿದ್ದುವು. ಅಲ್ಲಿ ಸೌಂದರ್ಯವನ್ನು ನೋಡುವ ಬಿಡುವು ಅವರಿಗೆಲ್ಲಿದ್ದಿತು? ಗುಲಾಮಗಿರಿ ಅಲ್ಲಿ ರದ್ದಾದುದು 1848ರ ಡಿಸೆಂಬರ್ 20ರಂದು. ಆಂಶಾಂ, ಸಿಮಾಂದೆಫ್, ದಿಮಿತಿಲ್ ಎಂದು ಓಡಿಹೋದವರ ಹೆಸರುಗಳನ್ನೇ ಇಂದಿಗೂ ಅಲ್ಲಿಯ ಬೆಟ್ಟಗಳು ಹೊತ್ತಿವೆ.

ಮಫಾತ್ ಕಮರಿಯಲ್ಲಿ ಈಗಲೂ ಕೆಲವು ನೂರು ಜನ ವಾಸವಾಗಿದ್ದಾರೆ. ಪಾಠಶಾಲೆಯುಂಟು, ಅಂಗಡಿಯುಂಟು, ಸರಕು ಹೆಲಿಕಾಪ್ಟರಿನಲ್ಲಿ ಬರುವುದು. ಪ್ರವಾಸಿಗಳೂ ಹೆಲಿಕಾಪ್ಟರನ್ನೇರಿ ಕಮರಿಯ ಮೇಲೆ ಸುತ್ತಿ ಹೋಗುವುದುಂಟು. ನಮ್ಮ ಅಭಿಪ್ರಾಯದಲ್ಲಿ ಅದು ನೋಡಿದುದಲ್ಲ, ನೋಡಿದೆವೆಂದು ಹೇಳಿಕೊಳ್ಳುವುದಕ್ಕೆ ಮಾತ್ರ ಸಾಕು. ಕಾಲಿನಲ್ಲಿ ಬಲವಿದ್ದವರು ಇಳಿದು ಹೋಗಿ, ಅಲ್ಲಿ ಒಂದು ರಾತ್ರಿಯಾದರೂ ತಂಗತಕ್ಕದ್ದು.

ಈ ಶಿಖರಗಳೂ ಕಮರಿಗಳೂ 2010ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಇಳಿಯಲಾರದವರಿಗೆ ಪಶ್ಚಿಮದ ಅಂಚಿನಲ್ಲಿ ಮಾಯ್ದೊ ಎಂಬ ಎತ್ತರದ ಸ್ಥಳವಿದೆ. ಅಲ್ಲಿಯ ತನಕ ಮೋಟಾರು ಹೋಗುವುದು. ಆದರೆ ಬೆಳಗಾಗುತ್ತಲೇ ಅಲ್ಲಿರಬೇಕು. ಹೊತ್ತೇರಿದಂತೆ ಕಡಲಿನಿಂದ ಮೋಡಗಳೇರಿ ಬಂದು, ಕೆಳಗಿನ ಮನೆಗಳ ಮಾಡುಗಳನ್ನೂ, ಅವುಗಳನ್ನು ಜೋಡಿಸುವ ಕಾಲುದಾರಿಗಳನ್ನೂ ಒಂದೊಂದಾಗಿ ಮುಚ್ಚಿಬಿಡುವುವು.