ಕಾರಿನ ದೀಪಗಳು ಮತ್ತು ಮನೆಯ ಲೆಕ್ಕ

(ರೋಹಿಣಿಯ ಕನ್ನಡ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಾನು ವಾಗ್ಮಿಯಲ್ಲ, ಬ್ಯಾಂಕಿನ ಗುಮಾಸ್ತೆ. ಬಿ.ಕಾಂ. ಪರೀಕ್ಷೆ ಮುಗಿಸಿ, ಹೊಟ್ಟೆಪಾಡಿಗಾಗಿ ಈ ಊರಿಗೆ ಬಂದು, ರೋಹಿಣಿಯಲ್ಲಿ ಸಂಸಾರ ಹೂಡಿರುವವನು. ರಾಜ್ಯೋತ್ಸವದ ಸಂದರ್ಭದಲ್ಲಿ ನಾನೂ ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನನಗೆ ದಿಗಿಲಾಯಿತು. ಪಂಪ ರನ್ನರ ವಿಷಯ ಹೇಳುವ ಯೋಗ್ಯತೆ ನನಗಿಲ್ಲ. ಏಕೀಕರಣದ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ನನಗೆ ಗೊತ್ತಿರುವುದು ಲೆಕ್ಕ. ಆ ಲೆಕ್ಕವೂ ಒಮ್ಮೆ ತಪ್ಪಿತು. ಹೇಗೆ ತಪ್ಪಿತು ಎಂಬುದನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ವಿಷಯ ಕಾರಿನದು. ರಾಜ್ಯೋತ್ಸವಕ್ಕೂ ಕಾರಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವಿದೆ. ಊರಿನಲ್ಲಿ ಕನ್ನಡದ ಮಾತು ಕೇಳಬೇಕಾದರೆ ಕಿಟಕಿ ತೆರೆದರೆ ಸಾಕು. ಇಲ್ಲಿ ಹಾಗಲ್ಲ. 1948ರಲ್ಲಿ ಹುಟ್ಟಿದ ದೆಹಲಿ ಕರ್ನಾಟಕ ಸಂಘ ಇರುವುದು ರಾವ್ ತುಲಾರಾಮ್ ಮಾರ್ಗದಲ್ಲಿ. ನಾವಿರುವುದು ಊರಿನ ವಾಯವ್ಯದ ಮೂಲೆಯಲ್ಲಿ. ನಡುವೆ 20 ಕಿಲೋಮೀಟರಿಗೂ ಮೇಲೆ. ಮೆಟ್ರೋ ಇದೆ, ನಿಜ. ಅದನ್ನು ಹಿಡಿದು ಬರುವವರು ಎಲ್ಲರಿಗಿಂತ ಜಾಣರು. ಆದರೆ ವಯಸ್ಸಾದ ತಾಯಿ, ನಿದ್ದೆಗೆ ಜಾರುವ ಮಗು, ಪ್ರಸಾದದ ಪಾತ್ರೆ ಇವುಗಳೊಡನೆ ರಾತ್ರಿ ಹತ್ತು ಗಂಟೆಗೆ ಮನೆ ಸೇರಬೇಕಾದವನು ಕಾರನ್ನೇ ನೆಚ್ಚುತ್ತಾನೆ. ನಮ್ಮ ಕನ್ನಡದ ಒಂದು ಪಾಲು ಪೆಟ್ರೋಲಿನ ಮೇಲೆ ನಡೆಯುತ್ತಿದೆ ಎಂದರೆ ತಪ್ಪಾಗದು.

2022ರ ನವೆಂಬರಿನ ಮಾತು. ಊರಿನಿಂದ ನಮ್ಮ ತಾಯಿ ಬಂದಿದ್ದರು. ಅವರಿಗೆ ಕನ್ನಡದ ನಾಟಕ ತೋರಿಸಿಕೊಂಡು ಔಟರ್ ರಿಂಗ್ ರಸ್ತೆಯಲ್ಲಿ ಹಿಂತಿರುಗುತ್ತಿದ್ದೆವು. ನನ್ನದು ಕೊಂಡ ಕೈಯಿಂದ ಕೊಂಡ ಸಣ್ಣ ಪೆಟ್ರೋಲು ಕಾರು. ಪೆಟ್ರೋಲಿನ ವಿಷಯದಲ್ಲಿ ನಾನು ಮಹಾ ಜಿಪುಣ. ಎಷ್ಟು ಹಾಕಿಸಿದೆ, ಎಷ್ಟು ಓಡಿತು ಎಂದು ಸಣ್ಣ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಮೇಲ್ಸೇತುವೆಯ ಇಳಿಜಾರು ಬಂದರೆ ಗೇರು ತಪ್ಪಿಸಿ, ನ್ಯೂಟ್ರಲ್ಲಿನಲ್ಲಿ ಜಾರಿಬಿಟ್ಟು, ನಾಲ್ಕಾಣೆ ಉಳಿಸಿದೆನೆಂದು ಹಿಗ್ಗುತ್ತಿದ್ದೆ.

ಪೀರಾಗಢಿ ದಾಟಿದ ಮೇಲೆ ತಾಯಿಯವರು, "ಮಗಾ, ಅಲ್ಲಿ ಗಿಂಡಿಯ ಹಾಗೆ ಏನೋ ಕೆಂಪಗೆ ಉರಿಯುತ್ತಿದೆಯಲ್ಲ, ಅದೇನು?" ಎಂದರು. ನಾನು ನೋಡಿದೆ. ಮನೆ ಇನ್ನು ನಾಲ್ಕೈದು ಕಿಲೋಮೀಟರು. ಅಲ್ಲಿ ನಿಲ್ಲಿಸಿದರೆ ಎಳೆಯುವ ಗಾಡಿಗೆ ಹಣ ತೆರಬೇಕು. "ಏನಿಲ್ಲಮ್ಮ, ಮನೆಗೆ ಹೋಗಿ ನೋಡಿದರಾಯಿತು" ಎಂದೆ. ಮಧುಬನ್ ಚೌಕಕ್ಕೆ ಮೊದಲೇ ಬಾನೆಟ್ಟಿನ ಒಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಸದ್ದಾಯಿತು, ಗಾಡಿ ನಿಂತಿತು. ಮತ್ತೆ ಏಳಲಿಲ್ಲ.

ಎಂಜಿನ್ನಿನಲ್ಲಿ ಎಣ್ಣೆ ತಳ ಕಂಡಿತ್ತು. ತಿಂಗಳುಗಟ್ಟಲೆ ನಾನು ಅಳತೆಕಡ್ಡಿ ಎಳೆದು ನೋಡಿರಲಿಲ್ಲ. ದುರಸ್ತಿಗೆ 48,000 ರೂಪಾಯಿ ಆಯಿತು. ಅದು ಬೇಸಗೆಯಲ್ಲಿ ಊರಿಗೆ ಹೋಗಲೆಂದು ಕೂಡಿಸಿಟ್ಟ ಹಣ. ಆ ವರ್ಷ ನಾವು ಊರಿಗೆ ಹೋಗಲಿಲ್ಲ. ಮಕ್ಕಳನ್ನು ನೋಡಬೇಕೆಂದು ಕಾದಿದ್ದ ನಮ್ಮ ದೊಡ್ಡಪ್ಪ ಆ ಮಳೆಗಾಲವನ್ನು ದಾಟಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಮಾನ ಹೇಗಾದರೂ ಬರಲಿ, ಹೋದ ಬೇಸಗೆ ಬರುವುದಿಲ್ಲ.

ನಮ್ಮ ತಾಯಿ ನನ್ನನ್ನು ಬೈಯಲಿಲ್ಲ. ಮಾರನೆಯ ಸಂಜೆ ದೇವರ ಮುಂದೆ ದೀಪ ಹಚ್ಚುತ್ತ, "ನಮ್ಮ ಮನೆಯಲ್ಲಿ ಎಣ್ಣೆ ತೀರಿದರೆ ದೀಪ ಆರುತ್ತದೆ, ನಿನ್ನ ಗಾಡಿಯಲ್ಲಿ ಎಣ್ಣೆ ತೀರಿದರೆ ದೀಪ ಹೊತ್ತುತ್ತದೆ. ಇಷ್ಟು ಅನುಕೂಲ ಮಾಡಿಕೊಟ್ಟಿದ್ದರೂ ನೀನು ನೋಡಲಿಲ್ಲವಲ್ಲ" ಎಂದರು. ಅಷ್ಟೇ. ಅಂದೇ ನಾನು ಕಾರಿನ ಪೆಟ್ಟಿಗೆಯಲ್ಲಿ ಮುಚ್ಚಿದ ಹಾಗೆಯೇ ಇದ್ದ ಕೈಪಿಡಿಯನ್ನು ತೆಗೆದು ಮೊದಲ ಬಾರಿಗೆ ಓದಿದೆ.

ಮಹನೀಯರೇ, ಈ ಊರಿಗೆ ಬಂದ ಹೊಸದರಲ್ಲಿ ನಾವೆಲ್ಲ ಬಸ್ಸಿನ ಹಲಗೆ ಓದಲು ದೇವನಾಗರಿ ಲಿಪಿ ರೂಢಿಸಿಕೊಂಡೆವು. ಕಾರಿನ ದೀಪಗಳೂ ಒಂದು ಲಿಪಿಯೇ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಗೊತ್ತುಮಾಡಿರುವ ಈ ಚಿಹ್ನೆಗಳು ಯಾವ ಕಂಪನಿಯ ಕಾರಿನಲ್ಲಿಯೂ ಬಹುಮಟ್ಟಿಗೆ ಒಂದೇ. ಮುಖ್ಯವಾದ ಅಕ್ಷರಗಳು ಹತ್ತು ಹನ್ನೆರಡು. ಒಂದು ಸಂಜೆಯಲ್ಲಿ ಕಲಿಯಬಹುದು.

ಮೊದಲು ಬಣ್ಣ ತಿಳಿಯಬೇಕು. ಹಸಿರು, ನೀಲಿ ಎಂದರೆ ಬರಿಯ ಸಮಾಚಾರ. ಹಳದಿ ಎಂದರೆ ಬೇಗ ವಿಚಾರಿಸು ಎಂಬ ನೋಟೀಸು. ಕೆಂಪು ಎಂದರೆ ಜಪ್ತಿ; ಸುರಕ್ಷಿತವಾದ ಜಾಗ ನೋಡಿ ಗಾಡಿ ನಿಲ್ಲಿಸು ಎಂದರ್ಥ. ನಮ್ಮ ಬ್ಯಾಂಕಿನ ಕೆಂಪು ಶಾಯಿಯ ಹಾಗೆಯೇ.

ಕೆಂಪು ದೀಪಗಳಲ್ಲಿ ಮೊದಲನೆಯದು ನನ್ನ ಶತ್ರುವಾದ ಗಿಂಡಿ. ಅದು ಎಣ್ಣೆಯ ಮಟ್ಟವನ್ನು ಹೇಳುವುದೆಂದು ಬಹಳ ಜನ ತಿಳಿದಿದ್ದಾರೆ. ಅಲ್ಲ, ಅದು ಹೇಳುವುದು ಎಣ್ಣೆಯ ಒತ್ತಡವನ್ನು. ಎಂಜಿನ್ನಿನ ಲೋಹದ ಅಂಗಗಳು ಒಂದನ್ನೊಂದು ಮುಟ್ಟದಂತೆ ನಡುವೆ ಎಣ್ಣೆಯ ತೆಳುಪೊರೆ ಇರುತ್ತದೆ. ಪಂಪು ಎಣ್ಣೆಯನ್ನು ಒತ್ತಿ ಒತ್ತಿ ಆ ಪೊರೆಯನ್ನು ಕಾಯುತ್ತದೆ. ದೀಪ ಹೊತ್ತಿತೆಂದರೆ ಒತ್ತಡ ಹೋಗಿದೆ, ಲೋಹಕ್ಕೆ ಲೋಹ ಉಜ್ಜಲು ಮೊದಲಾಗುತ್ತಿದೆ ಎಂದರ್ಥ. ಆಗ ಉಳಿದಿರುವುದು ನಿಮಿಷಗಳು, ಕಿಲೋಮೀಟರುಗಳಲ್ಲ. ಕೂಡಲೇ ಪಕ್ಕಕ್ಕೆ ಬಂದು ಎಂಜಿನ್ ಆರಿಸಬೇಕು. ದೀಪ ಹೊತ್ತುವವರೆಗೆ ಕಾಯದಿರುವುದೇ ಮೇಲು. ತಿಂಗಳಿಗೆ ಎರಡು ಬಾರಿ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಅಳತೆಕಡ್ಡಿಯನ್ನು ಎಳೆದು, ಒರೆಸಿ, ಮತ್ತೆ ಇಳಿಸಿ ನೋಡಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಇದಕ್ಕೆ ಕಾಸು ಖರ್ಚಿಲ್ಲ.

ಎರಡನೆಯದು ಅಲೆಗಳ ಮೇಲೆ ನಿಂತ ಉಷ್ಣಮಾಪಕ. ಎಂಜಿನ್ ಕಾದು ಹೋಗಿದೆ ಎಂದರ್ಥ. ಜೂನ್ ತಿಂಗಳ ಮಧ್ಯಾಹ್ನ ಮುಕರ್ಬಾ ಚೌಕದಲ್ಲಿ ಸಿಕ್ಕಿಬಿದ್ದವರಿಗೆ ಇದರ ಪರಿಚಯವಾಗಬಹುದು. ಮುಳ್ಳು ಏರುತ್ತಿರುವಾಗಲೇ ಏರ್ ಕಂಡೀಷನ್ ನಿಲ್ಲಿಸಿ ಹೀಟರನ್ನು ಪೂರ್ತಿ ಹಾಕಿದರೆ ಎಂಜಿನ್ನಿನ ಶಾಖ ಸ್ವಲ್ಪ ಒಳಕ್ಕೆ ಹರಿದು ತಾತ್ಕಾಲಿಕವಾಗಿ ಇಳಿಯುತ್ತದೆ. ನಾವು ಬೆವರಿದರೆ ಎಂಜಿನ್ ಬದುಕುತ್ತದೆ. ದೀಪವೇ ಹೊತ್ತಿದರೆ ನಿಲ್ಲಿಸಿ. ಬಿಸಿಯಾಗಿರುವಾಗ ರೇಡಿಯೇಟರಿನ ಮುಚ್ಚಳಕ್ಕೆ ಮಾತ್ರ ಕೈಹಾಕಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಇದೇ ಚಿಹ್ನೆ ಚಳಿಗಾಲದ ಬೆಳಗ್ಗೆ ನೀಲಿಯಾಗಿ ಕಂಡರೆ ಗಾಬರಿ ಬೇಡ. ಎಂಜಿನ್ ಇನ್ನೂ ತಣ್ಣಗಿದೆ, ಮೆಲ್ಲಗೆ ಓಡಿಸು ಎಂದಷ್ಟೇ ಅರ್ಥ.

ಮೂರನೆಯದು ಬ್ಯಾಟರಿಯ ಚಿತ್ರ. ಇದು ಬ್ಯಾಟರಿ ಕೆಟ್ಟಿತೆಂದಲ್ಲ, ಅದಕ್ಕೆ ವಿದ್ಯುತ್ತು ತುಂಬುವ ಏರ್ಪಾಟು ನಿಂತಿತೆಂದು. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಜಮಾ ನಿಂತಿದೆ, ಖರ್ಚು ಮಾತ್ರ ನಡೆದಿದೆ. ಏರ್ ಕಂಡೀಷನ್, ರೇಡಿಯೋ ನಿಲ್ಲಿಸಿ ಹತ್ತಿರದ ದುರಸ್ತಿ ಅಂಗಡಿಗೆ ಹೋಗಿ. ಕೆಲವು ಕಾರುಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಆದ್ದರಿಂದ ಉಷ್ಣದ ಮುಳ್ಳಿನ ಮೇಲೆ ಕಣ್ಣಿರಲಿ.

ನಾಲ್ಕನೆಯದು ವೃತ್ತದೊಳಗಿನ ಆಶ್ಚರ್ಯಸೂಚಕ ಚಿಹ್ನೆ, ಬ್ರೇಕಿನದು. ಹ್ಯಾಂಡ್‌ಬ್ರೇಕು ಪೂರ್ತಿ ಇಳಿದಿದೆಯೇ ನೋಡಿ. ಇಳಿದಿದ್ದರೂ ದೀಪ ಆರದಿದ್ದರೆ ಬ್ರೇಕಿನ ದ್ರವ ಕಡಿಮೆಯಾಗಿರಬಹುದು. ಅಂಥ ಗಾಡಿಯನ್ನು ಒಂದು ಗಜವೂ ಓಡಿಸಬಾರದು.

ಹಳದಿಯವುಗಳಲ್ಲಿ ದೊಡ್ಡಣ್ಣ ಎಂಜಿನ್ನಿನ ಚಿತ್ರ. ಅದು ಸ್ಥಿರವಾಗಿ ಉರಿಯುತ್ತಿದ್ದರೆ ಒಂದೆರಡು ದಿನದೊಳಗೆ ತೋರಿಸಿ. ಮಿಣುಕುತ್ತಿದ್ದರೆ ಕಾಲು ಹಗುರ ಮಾಡಿ ಬೇಗ ನಿಲ್ಲಿಸಿ. ಸಿಲಿಂಡರಿನಲ್ಲಿ ಉರಿಯದೆ ಉಳಿದ ಪೆಟ್ರೋಲು ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿರುತ್ತದೆ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿ.ಎಸ್. 6 ನಿಯಮ ಬಂದ ಮೇಲೆ ಕಾರುಗಳಲ್ಲಿ ಹೊಗೆ ಕಾಯುವ ಯಂತ್ರಾಂಗಗಳು ಇನ್ನೂ ಸೂಕ್ಷ್ಮವಾಗಿವೆ. ಅವುಗಳ ಕಾವಲುಗಾರನೂ ಈ ದೀಪವೇ. ದೀಪಾವಳಿಯ ಮರುದಿನ ಈ ಊರಿನ ಗಾಳಿಯನ್ನು ಉಸಿರಾಡಿದವರಿಗೆ ಇದರ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. ಕುದುರೆಲಾಳದ ಹಾಗೆ ಕಾಣುವುದು ಟಯರಿನ ಗಾಳಿಯ ಸೂಚನೆ. 'ಎ.ಬಿ.ಎಸ್.' ಎಂಬ ಅಕ್ಷರ ಒಂದೇ ಉರಿದರೆ ಮಾಮೂಲು ಬ್ರೇಕು ಇದೆ, ಆದರೆ ಥಟ್ಟನೆ ಒತ್ತಿದರೆ ಚಕ್ರ ಜಾರದಂತೆ ಕಾಯುವ ಸೌಲಭ್ಯ ಇಲ್ಲ ಎಂದರ್ಥ. ಗಾಳಿಚೀಲದ ದೀಪ ಉರಿಯುತ್ತಿದ್ದರೂ ಕಾರು ಸುಖವಾಗಿ ಓಡುತ್ತದೆ. ಅದಕ್ಕೇ ಜನ ಅಲಕ್ಷ್ಯ ಮಾಡುತ್ತಾರೆ. ಡಿಕ್ಕಿಯಾದ ದಿನ ಚೀಲ ತೆರೆಯದಿದ್ದರೆ ತಿಳಿದುಕೊಂಡು ಫಲವೇನು?

ಇನ್ನೊಂದು ಗುಟ್ಟು. ಕೀಲಿ ತಿರುಗಿಸಿದಾಗ ಎಂಜಿನ್ ಏಳುವುದಕ್ಕೆ ಮೊದಲು ಮುಖ್ಯವಾದ ದೀಪಗಳೆಲ್ಲ ಒಮ್ಮೆ ಹೊತ್ತಿ ಅನಂತರ ಆರುತ್ತವೆ. ಅದು ಹಾಜರಿ ಕರೆಯುವುದು. ಹಾಜರಿಗೆ ಓಗೊಡದ ದೀಪ ಆಪತ್ತಿನಲ್ಲಿಯೂ ಓಗೊಡುವುದಿಲ್ಲ. ಆ ಮೂರು ಸೆಕೆಂಡು ಕಣ್ಣಿಟ್ಟು ನೋಡಿ.

ಇನ್ನು ಮಿತವ್ಯಯದ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ನಮ್ಮ ಹಿರಿಯರು ಕಾರು ಓಡಿಸಿದವರಲ್ಲ. ಆದರೂ ಆಕ್ಸಿಲರೇಟರಿಗೆ ಇದಕ್ಕಿಂತ ಒಳ್ಳೆಯ ಉಪದೇಶವಿಲ್ಲ. ಮುಂದಿನ ದೀಪ ಕೆಂಪಾಗಿರುವುದು ಕಾಣುತ್ತಿದ್ದರೂ ಜೋರಾಗಿ ನುಗ್ಗಿ ಬ್ರೇಕು ಒತ್ತುವವನು ಪೆಟ್ರೋಲು ಕೊಟ್ಟು ಕೊಂಡ ವೇಗವನ್ನು ಬ್ರೇಕಿನಲ್ಲಿ ಶಾಖ ಮಾಡಿ ಕಳೆಯುತ್ತಾನೆ. ದೂರದಿಂದಲೇ ಕಾಲು ತೆಗೆದವನಿಗೆ ಆ ದೂರ ಬಿಟ್ಟಿ.

ಆದರೆ ಗೇರಿನಲ್ಲಿಯೇ ಇರಬೇಕು. ನನ್ನ ನ್ಯೂಟ್ರಲ್ಲಿನ ಜಾಣತನ ಹಳೆಯ ಕಾರ್ಬುರೇಟರಿನ ಅಂಬಾಸಿಡರ್, ಪದ್ಮಿನಿಗಳ ಕಾಲದ್ದು. ಸುಪ್ರೀಂ ಕೋರ್ಟಿನ ಆಜ್ಞೆಯಂತೆ 1999ರಲ್ಲಿ ಯೂರೋ 1, 2000ದ ಏಪ್ರಿಲಿನಲ್ಲಿ ಯೂರೋ 2 ನಿಯಮ ಈ ರಾಜಧಾನಿ ವಲಯಕ್ಕೆ ಬಂದ ಮೇಲೆ ಹೊಸ ಕಾರುಗಳಲ್ಲಿ ಕಾರ್ಬುರೇಟರು ಹೋಗಿ ಇಂಜೆಕ್ಷನ್ ಬಂತು. ಇಂಜೆಕ್ಷನ್ ಕಾರು ಗೇರಿನಲ್ಲಿದ್ದು ಕಾಲು ತೆಗೆದರೆ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಪೆಟ್ರೋಲು ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಪೆಟ್ರೋಲು ಸುರಿಯಲೇಬೇಕು. ನಾನು ವರ್ಷಗಟ್ಟಲೆ ಉಳಿತಾಯವೆಂದು ಬರೆದುಕೊಂಡದ್ದು ಖರ್ಚು! ಇಳಿಜಾರಿನಲ್ಲಿ ಎಂಜಿನ್ ಆರಿಸುವ ಸಾಹಸವನ್ನಂತೂ ಯಾರೂ ಮಾಡಬಾರದು. ಸ್ಟಿಯರಿಂಗು ಬಿಗಿಯುತ್ತದೆ, ಬ್ರೇಕಿನ ಬಲ ಕುಗ್ಗುತ್ತದೆ.

ಎಂಜಿನ್ ಆರಿಸಬೇಕಾದದ್ದು ನಿಂತಾಗ. 2020ರ ಅಕ್ಟೋಬರಿನಲ್ಲಿ ದೆಹಲಿ ಸರ್ಕಾರ 'ರೆಡ್ ಲೈಟ್ ಆನ್, ಗಾಡಿ ಆಫ್' ಎಂದು ಸಾರಿದಾಗ ನಾವು ನಕ್ಕೆವು. ಲೆಕ್ಕ ಹಾಕಿ ನೋಡಿ. ಸಣ್ಣ ಕಾರು ನಿಂತಲ್ಲೇ ಗಂಟೆಗೆ 600 ಮಿಲಿಲೀಟರು ಕುಡಿಯುತ್ತದೆ ಎಂದು ಹಿಡಿಯಿರಿ. ದಿನಕ್ಕೆ ಹತ್ತು ಸಿಗ್ನಲ್ಲು, ಒಂದೊಂದರಲ್ಲಿ ಎರಡು ನಿಮಿಷ. ಒಟ್ಟು 20 ನಿಮಿಷ, 200 ಮಿಲಿಲೀಟರು. ಲೀಟರಿಗೆ 95 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 19 ರೂಪಾಯಿ. 25 ದಿನಕ್ಕೆ 475. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಆರಿಸಿ ಮತ್ತೆ ಹೊತ್ತಿಸುವುದೇ ಅಗ್ಗ.

ವೇಗದ ವಿಷಯ. ಗಾಳಿಯ ತಡೆ ವೇಗದ ವರ್ಗದಂತೆ ಬೆಳೆಯುತ್ತದೆ. 60ರಿಂದ 90ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟು, ತಡೆ ಎರಡೂಕಾಲು ಪಟ್ಟು. ಪೆಟ್ರೋಲು ಉಳಿಸುವ ಪ್ರಚಾರಕ್ಕಾಗಿಯೇ ಇರುವ ಪಿ.ಸಿ.ಆರ್.ಎ. ಸಂಸ್ಥೆ 45ರಿಂದ 55 ಕಿಲೋಮೀಟರಿನ ವೇಗವನ್ನು ಹೊಗಳುವುದು ಸುಮ್ಮನೆಯಲ್ಲ.

ಕೊನೆಯದಾಗಿ ಟಯರಿನ ಗಾಳಿ. ಇದು ಈ ಊರಿನವರಿಗೆ ನವೆಂಬರಿನಲ್ಲಿ ಹೇಳಲೇಬೇಕಾದ ಮಾತು. ಉಷ್ಣ ಐದೂವರೆ ಡಿಗ್ರಿ ಇಳಿದರೆ ಗಾಳಿ ಸುಮಾರು ಒಂದು ಪೌಂಡು ಇಳಿಯುತ್ತದೆ. ಅಕ್ಟೋಬರಿನ 33 ಡಿಗ್ರಿಯ ಮಧ್ಯಾಹ್ನ ತುಂಬಿಸಿದ ಟಯರು ಜನವರಿಯ 6 ಡಿಗ್ರಿಯ ಮುಂಜಾನೆಗೆ ರಂಧ್ರವಿಲ್ಲದೆಯೇ ಐದು ಪೌಂಡು ಸೊರಗಿರುತ್ತದೆ. ಸೊರಗಿದ ಟಯರು ನೆಲವನ್ನು ತಬ್ಬಿಕೊಂಡು ಉರುಳುತ್ತದೆ, ಪೆಟ್ರೋಲು ತಿನ್ನುತ್ತದೆ. ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಕಂಬದ ಮೇಲೆ ಅಂಟಿಸಿರುತ್ತದೆ.

ಇಷ್ಟರಿಂದ ಏನು ಬಂತು? ತಿಂಗಳಿಗೆ 1,000 ಕಿಲೋಮೀಟರು ಓಡುವ ಕಾರು ಲೀಟರಿಗೆ 15ರ ಬದಲು 18 ಕಿಲೋಮೀಟರು ಕೊಟ್ಟರೆ ಅದೇ 95 ರೂಪಾಯಿ ದರದಲ್ಲಿ ತಿಂಗಳಿಗೆ ಸಾವಿರ ರೂಪಾಯಿಗೂ ಮೇಲೆ, ವರ್ಷಕ್ಕೆ 12,600ಕ್ಕೂ ಮೇಲೆ ಉಳಿಯುತ್ತದೆ. ನನ್ನ ಸಣ್ಣ ಪುಸ್ತಕ ಈಗಲೂ ಇದೆ. ಉಳಿದ ಹಣದ ಅಂಕಣಕ್ಕೆ ನಾನು 'ಪೆಟ್ರೋಲು' ಎಂದು ಹೆಸರಿಟ್ಟಿಲ್ಲ. 'ಊರಿನ ದಾರಿ' ಎಂದು ಬರೆದಿದ್ದೇನೆ. 2024ರ ಬೇಸಗೆಯಲ್ಲಿ ಆ ಅಂಕಣದ ಹಣವನ್ನೂ ಸೇರಿಸಿ ನಾಲ್ವರೂ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗಿಬಂದೆವು.

ಈಗ ನಮ್ಮ ಮನೆಯಲ್ಲಿ ಹಾಜರಿ ತೆಗೆದುಕೊಳ್ಳುವವಳು ಎಂಟು ವರ್ಷದ ಮಗಳು. ಕೀಲಿ ತಿರುಗಿಸಿದೊಡನೆ, "ಗಿಂಡಿ ಬಂತು, ಬ್ಯಾಟರಿ ಬಂತು, ಎಂಜಿನ್ ಬಂತು, ಎಲ್ಲ ಹೋಯಿತು, ಹೊರಡಪ್ಪ" ಎನ್ನುತ್ತಾಳೆ. ಗಿಂಡಿ ಎಂಬ ಕನ್ನಡದ ಮಾತು ಅವಳಿಗೆ ಬಂದದ್ದೇ ಹೀಗೆ. ಈ ಸಭೆ ಮುಗಿದು ತಾವೆಲ್ಲ ಗಾಡಿ ಹತ್ತಿದಾಗ ಆ ಮೂರು ಸೆಕೆಂಡು ನಿಂತು ನೋಡಿ. ಯಾವುದಾದರೂ ದೀಪ ಉಳಿದಿದ್ದರೆ ದಯವಿಟ್ಟು ಹೊರಡಬೇಡಿ. ನಮ್ಮ ಮನೆ ಹತ್ತಿರವೇ ಇದೆ, ಕಾಫಿ ಕುಡಿದು ಮೆಕ್ಯಾನಿಕ್ಕನ್ನು ಕರೆಯೋಣ.