ಗಲ್ಲಿಯ ಮಾತಿಗೆ ಮೈಕು ಸಿಕ್ಕಾಗ

(ನಮ್ಮ ಕನ್ನಡ ಕೂಟದ ರಾಜ್ಯೋತ್ಸವದ ದಿನ ಮಧ್ಯಾಹ್ನದ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಅಂದು ಬರಲಾಗದ ಗೆಳೆಯರು ಕೇಳಿದ್ದರಿಂದ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.)



ಬಿಸಿಬೇಳೆಬಾತು, ಮೊಸರನ್ನ ಹೊಟ್ಟೆ ಸೇರಿದ ಮೇಲೆ ಭಾಷಣ ಕೇಳುವ ಕಷ್ಟ ಏನೆಂದು ನನಗೂ ಗೊತ್ತು. ಅದಕ್ಕೇ ನಿದ್ದೆ ಬರದಂಥ ವಿಷಯವನ್ನು ಆರಿಸಿಕೊಂಡಿದ್ದೇನೆ. ಇವತ್ತು ನಾನು ಮಾತಾಡುವುದು ರಾಪ್ ಹಾಡಿನ ಬಗ್ಗೆ. ಅದರಲ್ಲೂ ಮುಂಬೈನ ಇಬ್ಬರು ಹುಡುಗರು ಸೇರಿ ಮಾಡಿದ ಒಂದು ಹಾಡು ಮತ್ತು ಅದರ ವಿಡಿಯೋ ಹೇಗೆ ಕೂಡಿಬಂತು ಎನ್ನುವುದರ ಬಗ್ಗೆ.

ಮುಂದಿನ ಸಾಲಿನಲ್ಲಿ ಕೂತ ಹಿರಿಯರೊಬ್ಬರು ಆಗಲೇ ಹುಬ್ಬು ಗಂಟಿಕ್ಕಿದ್ದಾರೆ. "ರಾಜ್ಯೋತ್ಸವದ ದಿನ ಹಿಂದಿ ರಾಪ್ ಯಾಕಪ್ಪಾ?" ಎಂದು ಅವರು ಕೇಳಿದರೆ ತಪ್ಪಿಲ್ಲ. ಹಿಂದಿ ಹೇರಿಕೆಯ ವಿರುದ್ಧ ಇದೇ ವೇದಿಕೆಯಲ್ಲಿ ನಾನೇ ಮಾತಾಡಿದ್ದೇನೆ. ಆ ಮಾತಿನಿಂದ ಒಂದಿಂಚೂ ಹಿಂದೆ ಸರಿದಿಲ್ಲ. ಆದರೂ ಈ ಹಾಡಿನ ಕತೆ ಕನ್ನಡಿಗರು ಕೇಳಬೇಕಾದ ಕತೆ. ಯಾಕೆ ಅನ್ನುವುದು ಕೊನೆಗೆ ಗೊತ್ತಾಗುತ್ತದೆ.

ಹಾಡಿನ ಹೆಸರು 'ಮೇರೇ ಗಲ್ಲಿ ಮೇ'. 2015ರಲ್ಲಿ ಹೊರಬಂತು. ಹಾಡಿದವರು ಡಿವೈನ್ ಮತ್ತು ನೇಝಿ. ಡಿವೈನ್ ನಿಜವಾದ ಹೆಸರು ವಿವಿಯನ್ ಫರ್ನಾಂಡಿಸ್, ಅಂಧೇರಿ ಪೂರ್ವದ ಜೆ.ಬಿ. ನಗರದ ಹುಡುಗ. ನೇಝಿಯ ಹೆಸರು ನಾವೇದ್ ಶೇಖ್, ಕುರ್ಲಾ ಪಶ್ಚಿಮದವನು. ಒಬ್ಬನ ಪಿನ್ ಕೋಡು 400059, ಇನ್ನೊಬ್ಬನದು 400070. ಈ ಸಂಖ್ಯೆಗಳನ್ನು ಬೇಕೆಂದೇ ಹೇಳುತ್ತಿದ್ದೇನೆ. ಈ ಹುಡುಗರು ತಮ್ಮ ಪಿನ್ ಕೋಡಿನ ಕೊನೆಯ ಎರಡು ಅಂಕಿಯನ್ನು ಮನೆತನದ ಹೆಸರಿನ ಹಾಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 2014ರಲ್ಲಿ ದಿಶಾ ರಿಂದಾನಿ ಅವರು ನೇಝಿಯ ಬಗ್ಗೆ ಮಾಡಿದ ಕಿರು ಸಾಕ್ಷ್ಯಚಿತ್ರದ ಹೆಸರೇ 'ಬಾಂಬೆ 70'.

ಇವರಿಬ್ಬರಿಗೆ ರಾಪ್ ಸಿಕ್ಕಿದ್ದು ಹೇಗೆ? ಡಿವೈನ್ ಶಾಲೆಯಲ್ಲಿದ್ದಾಗ ಗೆಳೆಯನೊಬ್ಬ 50 ಸೆಂಟ್ ಎಂಬ ಅಮೆರಿಕದ ರಾಪರ್‌ನ ಚಿತ್ರವಿದ್ದ ಟೀ ಶರ್ಟು ಹಾಕಿಕೊಂಡು ಬಂದಿದ್ದನಂತೆ. ಇದು ಯಾರು ಎಂದು ಕೇಳಿದ್ದೇ ನೆಪ, ಹುಚ್ಚು ಹತ್ತಿತು. ನೇಝಿಗೆ ಹುಚ್ಚು ಹತ್ತಿಸಿದ್ದು ಜಮೈಕಾದ ಶಾನ್ ಪಾಲ್ ಹಾಡು. ನಾವಿರುವ ಈ ಅಮೆರಿಕದಲ್ಲೇ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ತನ್ನ ತಂಗಿಗಾಗಿ ಒಂದು ಪಾರ್ಟಿ ಮಾಡಿದ. ಹಿಪ್ ಹಾಪ್ ಹುಟ್ಟಿದ ದಿನ ಅದೇ ಎನ್ನುತ್ತಾರೆ. ಸೆಡ್ಜ್‌ವಿಕ್ ಅವೆನ್ಯೂನ ಒಂದು ಅಪಾರ್ಟ್‌ಮೆಂಟಿನ ಕೆಳಗಿನ ಕೋಣೆಯಲ್ಲಿ ಹುಟ್ಟಿದ ಪದ್ಧತಿ ಮೂವತ್ತು ವರ್ಷದಲ್ಲಿ ಟೀ ಶರ್ಟು, ಸೀಡಿಗಳ ಮೂಲಕ ಅಂಧೇರಿ, ಕುರ್ಲಾಗಳಿಗೆ ಬಂತು.

ಡಿವೈನ್ ಮೊದಮೊದಲು ರಾಪ್ ಮಾಡಿದ್ದು ಇಂಗ್ಲಿಷಿನಲ್ಲಿ. ಅಮೆರಿಕದವರು ಹಾಡಿದ ಹಾಗೇ ಹಾಡಬೇಕು ಎಂದು ಎಲ್ಲರೂ ನಂಬಿದ್ದ ಕಾಲ. ಆಮೇಲೆ ಅವನು ತನ್ನ ಗಲ್ಲಿಯ ಮಾತಿಗೆ ಬದಲಾಯಿಸಿಕೊಂಡ. ಅದು ದೂರದರ್ಶನದ ವಾರ್ತೆಯ ಹಿಂದಿ ಅಲ್ಲ, ನಮ್ಮ ಪಠ್ಯಪುಸ್ತಕದಲ್ಲಿದ್ದ ಹಿಂದಿಯೂ ಅಲ್ಲ. ಮರಾಠಿ, ಉರ್ದು, ಗುಜರಾತಿ, ಇಂಗ್ಲಿಷು ಎಲ್ಲಾ ಬೆರೆತ ಬಂಬೈಯಾ ಮಾತು. ದೊಡ್ಡವರು "ಸರಿಯಾಗಿ ಮಾತಾಡು" ಎಂದು ಗದರುವಂಥ ಮಾತು. 2013ರಲ್ಲಿ ಆ ಮಾತಿನಲ್ಲೇ 'ಯೇ ಮೇರಾ ಬಾಂಬೆ' ಎಂಬ ಹಾಡು ಮಾಡಿದ. ಜನ ತಿರುಗಿ ನೋಡಿದ್ದು ಆಗ.

2014ರ ಆರಂಭದಲ್ಲಿ ಕುರ್ಲಾದಿಂದ ನೇಝಿಯ 'ಆಫತ್' ಬಂತು. ಇದನ್ನು ಮಾಡಿದ ರೀತಿ ಕೇಳಿ. ಕೈಯಲ್ಲಿ ಇದ್ದದ್ದು ಒಂದು ಐಪ್ಯಾಡ್. ಅದರಲ್ಲೇ ದನಿ ಮುದ್ರಿಸಿದ, ಅದರಲ್ಲೇ ತನ್ನ ಬೀದಿಯಲ್ಲಿ ವಿಡಿಯೋ ತೆಗೆದ, ಅದರಲ್ಲೇ ಕತ್ತರಿಸಿ ಜೋಡಿಸಿದ. ಸ್ಟುಡಿಯೋ ಇಲ್ಲ, ಕ್ಯಾಮೆರಾಮನ್ ಇಲ್ಲ, ಲೈಟಿನವರೂ ಇಲ್ಲ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಐಪ್ಯಾಡ್ ಇದೆ, ಕೈಯೆತ್ತಿ ನೋಡೋಣ? ಸರಿ, ಎಣಿಸುವುದು ಬೇಡ ಬಿಡಿ.

ಎರಡು ದನಿ ಸಿದ್ಧವಾಯಿತು. ಮೂರನೆಯವನು ಬಂದದ್ದು ದೆಹಲಿಯಿಂದ. ಸೆಝ್ ಆನ್ ದ ಬೀಟ್ ಎಂಬ ಹೆಸರಿನ ಸಂಗೀತ ನಿರ್ಮಾಪಕ ಸಜೀಲ್ ಕಪೂರ್. ರಾಪಿನಲ್ಲಿ ಬೀಟ್ ಎಂದರೆ ಬರೀ ತಾಳ ಅಲ್ಲ. ಡ್ರಮ್ಮು, ಬೇಸು, ಮೇಲೆ ಓಡುವ ಸಣ್ಣ ರಾಗದ ಎಳೆ, ನಡುವೆ ಬಿಡುವ ಮೌನ ಎಲ್ಲಾ ಸೇರಿದ ಒಂದು ಚೌಕಟ್ಟು. ಬಹಳಷ್ಟು ಸಲ ಮೊದಲು ಬೀಟ್ ತಯಾರಾಗುತ್ತದೆ. ರಾಪರ್ ಅದನ್ನು ನೂರು ಸಲ ಕೇಳಿ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಪ್ರಾಸ ಎಲ್ಲಿ ಬೀಳಬೇಕು ಎಂದು ಲೆಕ್ಕ ಹಾಕಿ ಬರೆಯುತ್ತಾನೆ. ಇಬ್ಬರು ಸೇರಿ ಮಾಡುವ ಹಾಡಿನಲ್ಲಿ ಇನ್ನೂ ಒಂದು ಕಷ್ಟ ಇದೆ. ಇಬ್ಬರ ದನಿಯೂ ಬೇರೆಯಾಗಿ ಕೇಳಬೇಕು, ಹಾಡು ಮಾತ್ರ ಒಂದೇ ಆಗಿರಬೇಕು. ಇಲ್ಲಿ ಡಿವೈನ್ ದನಿ ಒರಟು, ಭಾರ. ನೇಝಿಯದು ಚುರುಕು, ನಾಲಿಗೆ ಸರಸರ ಓಡುತ್ತದೆ. ಇಬ್ಬರನ್ನೂ ಕಟ್ಟಿಹಾಕುವುದು ಮತ್ತೆ ಮತ್ತೆ ಬರುವ ಪಲ್ಲವಿ. ಆ ಪಲ್ಲವಿಯಲ್ಲಿ ಇರುವುದೂ ತಮ್ಮ ಗಲ್ಲಿಯ ಹೆಸರೇ.

ಇನ್ನು ವಿಡಿಯೋ. ಆ ಕಾಲದಲ್ಲಿ ಹಿಂದಿ ರಾಪ್ ಎಂದರೆ ಹನಿ ಸಿಂಗ್ ದಾರಿ. ದುಬಾರಿ ಕಾರು, ಪಾರ್ಟಿ, ಬಾಟಲಿ. ಈ ಹುಡುಗರು ಬಾಡಿಗೆ ಕಾರು ತರಲಿಲ್ಲ. ತಮ್ಮ ತಮ್ಮ ಬಡಾವಣೆಯ ಗಲ್ಲಿಗಳಲ್ಲೇ ಕ್ಯಾಮೆರಾ ಇಟ್ಟರು. ಹಿಂದೆ ನಿಂತವರು ಅದೇ ಗಲ್ಲಿಯ ಹುಡುಗರು. ಇದರಲ್ಲಿ ಹಣ ಉಳಿಸುವ ಲೆಕ್ಕವೂ ಇದೆ, ಆದರೆ ಅದಕ್ಕಿಂತ ದೊಡ್ಡ ಮಾತೊಂದಿದೆ. ಹಾಡಿನಲ್ಲಿ ಹೇಳಿದ್ದಕ್ಕೆ ಚಿತ್ರ ಸಾಕ್ಷಿ ಹೇಳುತ್ತದೆ. ನನ್ನ ಗಲ್ಲಿ ಎಂದವನು ಆ ಗಲ್ಲಿಯಲ್ಲೇ ನಿಂತಿದ್ದಾನೆ, ಅಲ್ಲಿಯವರು ಅವನ ಹೆಗಲ ಮೇಲೆ ಕೈ ಹಾಕಿದ್ದಾರೆ. ನೋಡುವವನು ನಂಬದೇ ಇರುವುದು ಹೇಗೆ?

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಈ ಹಾಡಿನ ಹೊತ್ತಿಗೆ ಸೋನಿ ಮ್ಯೂಸಿಕ್ ಇಂಡಿಯಾದಂಥ ದೊಡ್ಡ ಕಂಪನಿ ಡಿವೈನ್ ಜೊತೆ ಕೈ ಜೋಡಿಸಿತ್ತು. ಆದರೆ ಕಂಪನಿ ಬಂದದ್ದು ಯಾವಾಗ ಎನ್ನುವುದನ್ನು ಗಮನಿಸಿ. ಐಪ್ಯಾಡಿನಲ್ಲಿ ಮಾಡಿದ ಹಾಡು, ಬೀದಿಯಲ್ಲಿ ತೆಗೆದ ವಿಡಿಯೋ ಜನ ನೋಡಿ ಮೆಚ್ಚಿದ ಮೇಲೆ. ಮೊದಲು ಕಂಪನಿ ಬಂದು ಕರೆಯಲಿ, ಆಮೇಲೆ ಹಾಡೋಣ ಎಂದು ಅವರು ಕೂತಿದ್ದರೆ ಇನ್ನೂ ಕೂತೇ ಇರುತ್ತಿದ್ದರು.

ಮುಂದಿನದು ನಿಮಗೆ ಗೊತ್ತಿರಬಹುದು. ನೇಝಿಯ 'ಆಫತ್' ನೋಡಿದ ನಿರ್ದೇಶಕಿ ಜೋಯಾ ಅಖ್ತರ್‌ಗೆ ಈ ಲೋಕದ ಬಗ್ಗೆ ಕುತೂಹಲ ಹುಟ್ಟಿತು. ಇಬ್ಬರ ಬದುಕಿನಿಂದ ಸ್ಫೂರ್ತಿ ಪಡೆದು ಮಾಡಿದ 'ಗಲ್ಲಿ ಬಾಯ್' 2019ರ ಫೆಬ್ರವರಿಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟು, ನಂತರ ಥಿಯೇಟರಿಗೆ ಬಂತು. 'ಮೇರೇ ಗಲ್ಲಿ ಮೇ' ಅದರಲ್ಲಿ ರಣವೀರ್ ಸಿಂಗ್ ದನಿಯೂ ಸೇರಿ ಮತ್ತೆ ಬಂತು. ಭಾರತದಿಂದ ಆಸ್ಕರ್‌ಗೆ ಕಳಿಸಿದ್ದು ಅದೇ ಚಿತ್ರವನ್ನು. 2020ರಲ್ಲಿ 13 ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 2019ರಲ್ಲೇ ಡಿವೈನ್ 'ಗಲ್ಲಿ ಗ್ಯಾಂಗ್' ಎಂಬ ತನ್ನದೇ ಸಂಸ್ಥೆ ಕಟ್ಟಿದ. ಸಿನಿಮಾ ಗಲ್ಲಿಯನ್ನು ಹುಡುಕಿಕೊಂಡು ಹೋಯಿತು, ಗಲ್ಲಿ ಸಿನಿಮಾದ ಬಾಗಿಲು ತಟ್ಟಲಿಲ್ಲ.

ಈಗ ನಮ್ಮ ಮನೆಗೆ ಬರೋಣ. ಆ ಮುಂಬೈ ನಮಗೇನು ಪರಕೀಯವಲ್ಲ. ಹಗಲು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರ ಊರು ಅದು. 'ಗಲ್ಲಿ' ಎಂಬ ಪದವೂ ನಮ್ಮದೇ ಆಗಿ ಎಷ್ಟೋ ಕಾಲವಾಯಿತು. ಓಣಿ, ಕೇರಿ, ಬೀದಿ, ಗಲ್ಲಿ, ಎಲ್ಲಾ ನಮ್ಮವೇ.

ಎದುರಾಳಿಯ ಮಾತಿಗೆ ಪ್ರಾಸದಲ್ಲೇ ಉತ್ತರ ಕೊಡುವುದು ರಾಪಿನ ದೊಡ್ಡ ಆಟ. ಇದು ನಮಗೆ ಹೊಸದೇ? ಉತ್ತರ ಕರ್ನಾಟಕದವರು ಇಲ್ಲಿದ್ದರೆ ಹರದೇಶಿ-ನಾಗೇಶಿ ಕೇಳಿರುತ್ತೀರಿ. ಗೀಗೀ ಪದದ ಎರಡು ಮೇಳ ಎದುರುಬದುರು ನಿಂತು, ಒಂದು ಗಂಡು ಹೆಚ್ಚು ಎಂದು, ಇನ್ನೊಂದು ಹೆಣ್ಣು ಹೆಚ್ಚು ಎಂದು ರಾತ್ರಿಯಿಡೀ ವಾದ ಹೂಡುವುದು. ಕರಾವಳಿಯವರಿಗೆ ತಾಳಮದ್ದಳೆ ಇದೆ, ಅಲ್ಲಿ ಅರ್ಥಧಾರಿಗಳು ಬರೆದಿಟ್ಟುಕೊಳ್ಳದೆ ನಿಂತಲ್ಲೇ ಮಾತು ಕಟ್ಟುತ್ತಾರೆ. ಬ್ರಾಂಕ್ಸ್‌ನ ಹುಡುಗ ಬಂದು ನೋಡಿದರೆ "ಇದು ನಮ್ಮದೇ ಅಲ್ಲವಾ" ಎನ್ನುತ್ತಾನೆ.

ಬೆಂಗಳೂರಿನಲ್ಲೂ ಈ ಕೆಲಸ ಹೊಸದಲ್ಲ. 'ಗಲ್ಲಿ' ಹಾಡಿಗಿಂತ ಎಷ್ಟೋ ಮೊದಲೇ ಬ್ರೋಧಾ ವಿ, ಸ್ಮೋಕಿ ದ ಘೋಸ್ಟ್, ಬಿಗ್ ನಿಕ್ ಸೇರಿ 'ಮಚ್ಚಾಸ್ ವಿತ್ ಆಟಿಟ್ಯೂಡ್' ಎಂಬ ತಂಡ ಕಟ್ಟಿದ್ದರು. ಹೆಸರಿನಲ್ಲಿ ಬೆಂಗಳೂರಿನ 'ಮಚ್ಚಾ' ಇತ್ತು, ಹಾಡು ಹೆಚ್ಚಾಗಿ ಇಂಗ್ಲಿಷಿನದು. ಕನ್ನಡದಲ್ಲೇ ರಾಪ್ ಮಾಡುವ ಆಲ್ ಓಕೆ, ಚಂದನ್ ಶೆಟ್ಟಿ, ರಾಹುಲ್ ಡಿಟ್ ಓ, ಎಂ.ಸಿ. ಬಿಜ್ಜು ಮುಂತಾದವರೂ ಇದ್ದಾರೆ. ಚಂದನ್ ಶೆಟ್ಟಿ 2018ರಲ್ಲಿ ಬಿಗ್ ಬಾಸ್ ಕನ್ನಡ ಗೆದ್ದಾಗ ರಾಪ್ ಎಂಬ ಪದ ನಮ್ಮ ಅಜ್ಜಿಯರ ಬಾಯಿಗೂ ಬಂತು. ಹಾಡುವವರು ಇಲ್ಲ ಎನ್ನುವಂತಿಲ್ಲ. ಕೇಳುವವರು ನಾವೆಲ್ಲಿದ್ದೇವೆ ಅನ್ನುವುದು ಪ್ರಶ್ನೆ.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷದ ಹಿಂದೆ ನಾನು ಕಾರ್ಯಕ್ರಮದ ಸಮಿತಿಯಲ್ಲಿದ್ದಾಗ ಹದಿನಾರರ ಹುಡುಗನೊಬ್ಬ ಬಂದ. ಇಲ್ಲೇ ಹುಟ್ಟಿ ಬೆಳೆದವನು. "ಅಂಕಲ್, ನಾನು ಕನ್ನಡದಲ್ಲಿ ರಾಪ್ ಬರೆದಿದೀನಿ, ಮೂರು ನಿಮಿಷ ಕೊಡ್ತೀರಾ?" ಅಂದ. ಕಾಗದ ನೋಡಿದೆ. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದ. ಅರ್ಧ ಇಂಗ್ಲಿಷು, ಒಂದೆರಡು ಕಡೆ ವ್ಯಾಕರಣ ತಪ್ಪು. ಅಜ್ಜಿ ಫೋನಿನಲ್ಲಿ ಹೇಳಿದ್ದು ಅರ್ಥವಾಗದೆ "ಹ್ಞೂಂ ಹ್ಞೂಂ" ಅನ್ನುವುದರ ಬಗ್ಗೆ ಬರೆದಿದ್ದ. ನಾನು ಏನು ಮಾಡಿದೆ ಗೊತ್ತೇ? "ರಾಜ್ಯೋತ್ಸವಕ್ಕೆ ಇದು ಹೊಂದಲ್ಲ ಕಣೋ, ಒಂದು ಭಾವಗೀತೆ ಕಲಿತುಕೊಂಡು ಬಾ" ಅಂದೆ. ಸಮಿತಿಯಲ್ಲಿ ಎಲ್ಲರೂ ತಲೆಯಾಡಿಸಿದರು. ಹುಡುಗ ಭಾವಗೀತೆ ಕಲಿಯಲಿಲ್ಲ. ಮುಂದಿನ ವರ್ಷ ಅಪ್ಪ ಅಮ್ಮ ಬಂದರು, ಅವನು ಬರಲಿಲ್ಲ. ಈಗ ಕಾಲೇಜಿಗೆ ಹೋಗಿದ್ದಾನೆ. ಕನ್ನಡದಲ್ಲಿ ಬರೆಯುತ್ತಾನೋ ಇಲ್ಲವೋ, ಕೇಳುವ ಧೈರ್ಯ ನನಗಾಗಿಲ್ಲ.

ಭಾವಗೀತೆಯ ಮೇಲೆ ನನಗೆ ಕೋಪವಿಲ್ಲ. ಅಶ್ವಥ್ ದನಿ ಕೇಳಿದರೆ ಇವತ್ತಿಗೂ ಕಣ್ಣು ತುಂಬುತ್ತದೆ. ಆದರೆ ಅದು ನನ್ನ ಗಲ್ಲಿಯ ಹಾಡು. ಆ ಹುಡುಗನ ಗಲ್ಲಿ ಬೇರೆ. ಅವನ ಗಲ್ಲಿಯಲ್ಲಿ ಅಜ್ಜಿಯ ಕನ್ನಡ ಫೋನಿನಲ್ಲಿ ಕಡಿದು ಕಡಿದು ಬರುತ್ತದೆ. ಅದರ ಬಗ್ಗೆ ಹಾಡು ಬರೆಯಬೇಕಾದವನು ಅವನೇ. ನಾನು ಅವನಿಗೆ ಹೇಳಿದ್ದು ನಿನ್ನ ಗಲ್ಲಿ ಬಿಟ್ಟು ನನ್ನ ಗಲ್ಲಿಗೆ ಬಾ ಅಂತ. ಬಂಬೈಯಾ ಮಾತಾಡಿದ ಹುಡುಗನಿಗೆ "ಸರಿಯಾದ ಹಿಂದಿ ಕಲಿತು ಬಾ" ಅಂದವರಿಗೂ ನನಗೂ ಏನು ವ್ಯತ್ಯಾಸ? ಬೆಂಗಳೂರಿನ ಎಫ್.ಎಂ. ಕೇಂದ್ರಗಳಲ್ಲಿ ಕನ್ನಡ ಹಾಡು ಹಾಕಿ ಎಂದು ಪತ್ರ ಬರೆದವರು ನಾವು. ಮೂರು ನಿಮಿಷ ನಮ್ಮ ಕೈಯಲ್ಲೇ ಇದ್ದಾಗ ಕೊಡಲಿಲ್ಲ.

ಅದಕ್ಕೇ ಮೂರು ಬೇಡಿಕೆ ಇಡುತ್ತೇನೆ.

ಒಂದು, ಮುಂದಿನ ಕಾರ್ಯಕ್ರಮದಿಂದ ಹದಿನೈದು ನಿಮಿಷ ಮಕ್ಕಳ ಸ್ವಂತ ಬರವಣಿಗೆಗೆ ಮೀಸಲಿಡಿ. ರಾಪ್ ಇರಲಿ, ಇನ್ನೇನೇ ಇರಲಿ. ಬರೆದದ್ದು ತನ್ನದೇ ಆಗಿರಬೇಕು, ಅದರಲ್ಲಿ ಕನ್ನಡ ಇರಬೇಕು. ಇಷ್ಟೇ ನಿಯಮ.

ಎರಡು, ಭಾಷೆ ತಿದ್ದುವ ಚಾಳಿಯನ್ನು ಅವತ್ತೊಂದು ದಿನ ಬಾಗಿಲಾಚೆ ಬಿಡೋಣ. ಹುಬ್ಬಳ್ಳಿ ಕನ್ನಡ, ಕಲಬುರಗಿ ಕನ್ನಡ, ಕುಂದಾಪುರ ಕನ್ನಡ ಇರುವ ಹಾಗೆ ಇಲ್ಲಿ ಹುಟ್ಟಿದ ಮಕ್ಕಳದ್ದೂ ಒಂದು ಕನ್ನಡ. ಹಾಡುವವನು ಹಾಡುತ್ತಾ ಹಾಡುತ್ತಾ ಪದ ಹುಡುಕುತ್ತಾನೆ, ಪ್ರಾಸ ಸಿಗದಿದ್ದರೆ ಅಜ್ಜಿಗೆ ಫೋನು ಮಾಡುತ್ತಾನೆ. ನಮ್ಮ ಭಾನುವಾರದ ಕನ್ನಡ ತರಗತಿಗೆ ಇಂಥ ಹಸಿವು ಹುಟ್ಟಿಸಲು ಆಗಿಲ್ಲ.

ಮೂರು, ಪ್ರತಿವರ್ಷ ಊರಿನಿಂದ ಕಲಾವಿದರನ್ನು ಕರೆಸುತ್ತೇವೆ, ಒಳ್ಳೆಯದು. ಅದರ ಜೊತೆಗೆ ಕರ್ನಾಟಕದಲ್ಲಿ ಸ್ವಂತ ಕನ್ನಡ ಹಾಡು ಮಾಡುವ ಒಂದು ಹೊಸ ತಂಡಕ್ಕೆ ಬೀಟು, ಸ್ಟುಡಿಯೋ, ಕ್ಯಾಮೆರಾ, ಎಡಿಟಿಂಗ್ ಸೇರಿ ಒಂದು ವಿಡಿಯೋದ ಖರ್ಚನ್ನು ನಾವು ಹಾಕೋಣ. ಷರತ್ತು ಬೇಡ, ನಮ್ಮ ಹೆಸರೂ ಬೇಡ. ಮೊದಲ ಕಂತು ನನ್ನದು, ಚೆಕ್ಕು ಜೇಬಿನಲ್ಲೇ ಇದೆ. ಖಜಾಂಚಿಗಳು ಓಡಿಹೋಗಬೇಡಿ.

ಕುರ್ಲಾದ ಹುಡುಗ ಐಪ್ಯಾಡ್ ಹಿಡಿದಾಗ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನಮ್ಮ ಹುಡುಗ ಅಪ್ಪಣೆ ಕೇಳಿದ, ನಾನು ಕೊಡಲಿಲ್ಲ. ಅವನ ಅಪ್ಪ ಅಮ್ಮ ಇವತ್ತು ಈ ಸಭೆಯಲ್ಲಿದ್ದಾರೆ. ಅವರಲ್ಲಿ ನನ್ನದೊಂದು ವಿನಂತಿ. ಚಳಿಗಾಲದ ರಜೆಗೆ ಅವನು ಮನೆಗೆ ಬಂದಾಗ ಹೇಳಿ, ಸಂಕ್ರಾಂತಿ ಕಾರ್ಯಕ್ರಮದಲ್ಲಿ ಮೂರು ನಿಮಿಷ ಅವನಿಗೆ ಕಾಯ್ದಿಟ್ಟಿದ್ದೇವೆ, ಅಂಕಲ್ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ ಅಂತ.

 ಕಾಫಿ ಕಾಯುತ್ತಿದೆ.

ಸಿರಿಗನ್ನಡಂ ಗೆಲ್ಗೆ!